ಹಳೆಯ ಹಾಸು, ಹೊಸ ನೇಕಾರ



ಈಚೆಗೆ ಕಾರ್ಯನಿಮಿತ್ತವಾಗಿ ದೊಡ್ಡಬಳ್ಳಾಪುರಕ್ಕೆ ಹೋಗಬೇಕಾಗಿ ಬಂದಿತು. ಬೆಂಗಳೂರಿಗೆ ಸುಮಾರು 40 ಕಿಲೋಮೀಟರು ದೂರದಲ್ಲಿರುವ ಆ ಊರು ಸೀರೆಗಳ ನೇಯ್ಗೆಗೆ ಹೆಸರಾದುದೆಂಬುದನ್ನು ನಮ್ಮ ಸೋದರಿಯರಿಗೆ ಬೇರೆಯಾಗಿ ತಿಳಿಸಬೇಕಾದುದಿಲ್ಲ. ನೇಕಾರರ ಬೀದಿಯನ್ನು ಹೊಕ್ಕೊಡನೆಯೇ ವಿದ್ಯುತ್ತಿನ ಮಗ್ಗಗಳ ಸದ್ದು ಎರಡು ಪಕ್ಕದ ಮನೆಗಳಿಂದಲೂ ನಮ್ಮನ್ನು ಎದುರುಗೊಂಡಿತು. ನಮಗೆ ಬಹುಕಾಲದಿಂದ ಪರಿಚಿತರಾದ ವೃದ್ಧ ನೇಕಾರರೊಬ್ಬರ ಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ, ಕಾಲೇಜಿನಲ್ಲಿ ಓದುತ್ತಿರುವ ಅವರ ಮೊಮ್ಮಗಳು ಕೇಳಿದ ಪ್ರಶ್ನೆಯೊಂದು ಈ ತಿಂಗಳ ಲೇಖನಕ್ಕೆ ಕಾರಣವಾಯಿತು.

“ತಾತ, ಜೇಮ್ಸ್ ಬಾಂಡ್ ಚಿತ್ರಗಳಿಗೆ ಹೊಸ ನಿರ್ದೇಶಕರನ್ನು ಗೊತ್ತುಮಾಡಿದರಲ್ಲ, ನಮ್ಮ ಸಿ.ಐ.ಡಿ. 999ಕ್ಕೆ ಮಾತ್ರ ಯಾರೂ ಏಕೆ ಬರಲಿಲ್ಲ?”

ವೃದ್ಧರು ನಕ್ಕರು. “ಅದು ರಾಜ್‌ಕುಮಾರ್ ಅವರದು, ಮಗು. ಅವರಿಲ್ಲದ ಮೇಲೆ ಅಲ್ಲಿಗೆ ಯಾರು ಬರುತ್ತಾರೆ?”

“ಹಾಗಾದರೆ ನಿಮ್ಮ ಮಗ್ಗಕ್ಕೂ ನಿಮ್ಮ ತರುವಾಯ ಯಾರೂ ಬರಕೂಡದೆ?” ಎಂದು ಹುಡುಗಿ ಕೇಳಿಯೇಬಿಟ್ಟಳು. ಮಗನು ಮಗ್ಗವನ್ನು ಬಿಟ್ಟು ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಿರುವ ಮನೆ ಅದು. ವೃದ್ಧರು ಉತ್ತರ ಕೊಡದೆ ಲೋಟವನ್ನು ಕೆಳಗಿಟ್ಟರು.

ಗೂಢಚಾರರ ಚಿತ್ರಮಾಲೆಗೆ ನಿರ್ದೇಶಕನನ್ನು ಆರಿಸುವ ವಿಚಾರವು ಗೃಹಸ್ಥರಿಗೇಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಬೀಗದ ಕೈಗೊಂಚಲನ್ನು ಯಾರ ಕೈಗೆ ಕೊಡುವುದು, ಅಂಗಡಿಯ ಲೆಕ್ಕದ ಪುಸ್ತಕವನ್ನು ಯಾರ ಮುಂದಿಡುವುದು ಎಂಬ ಯೋಚನೆ ಒಂದಲ್ಲ ಒಂದು ದಿವಸ ಪ್ರತಿಯೊಂದು ಮನೆಗೂ ಬರುವುದಷ್ಟೆ. ಅದೇ ಯೋಚನೆಯನ್ನು ಅರುವತ್ತು ವರ್ಷಗಳಿಂದ ಲೋಕದ ಕಣ್ಣೆದುರಿನಲ್ಲಿಯೇ ಮಾಡುತ್ತ ಬಂದ ಮನೆತನವೊಂದರ ವೃತ್ತಾಂತವು ನಮಗೆ ಪ್ರಯೋಜನಕರವಾದೀತೆಂದು ನಂಬಿದ್ದೇವೆ.

ಮೊದಲು ನಮ್ಮ ನಾಡಿನ ವಿಷಯವನ್ನೇ ತೆಗೆದುಕೊಳ್ಳೋಣ. 1968ನೆಯ ಇಸವಿಯಲ್ಲಿ ‘ಜೇಡರ ಬಲೆ’ ಎಂಬ ಕನ್ನಡ ಚಿತ್ರವು ತೆರೆಗೆ ಬಂದಿತು. ಪುರಾಣದ ಭಕ್ತರನ್ನೂ ಚರಿತ್ರೆಯ ಅರಸರನ್ನೂ ಅಭಿನಯಿಸಿ ಜನರ ಮನಸ್ಸಿನಲ್ಲಿ ನೆಲಸಿದ್ದ ರಾಜ್‌ಕುಮಾರ್ ಅವರು ಅದರಲ್ಲಿ ಪ್ರಕಾಶನೆಂಬ ಗೂಢಚಾರರಾಗಿ, 999 ಎಂಬ ಅಂಕಿಯನ್ನು ಧರಿಸಿ ಕಾಣಿಸಿಕೊಂಡರು. ನಿರ್ದೇಶಿಸಿದವರು ದೊರೈ–ಭಗವಾನ್ ಎಂಬ ಜೋಡಿಯವರು. ಅವರಲ್ಲಿ ದೊರೈರಾಜ್ ಅವರು ಛಾಯಾಗ್ರಹಣದಲ್ಲಿ ಪಳಗಿದ್ದವರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಿತು. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಕೈಬಿಟ್ಟು ಭಾರತವನ್ನು ಸೇರಿದ ಗೋವಾ ಆಗಿನ ಪ್ರೇಕ್ಷಕರಿಗೆ ಹೊಸ ನೆರೆಯೇ ಸರಿ. ನಟಿ ಲಕ್ಷ್ಮಿಯವರು ಕನ್ನಡಕ್ಕೆ ಬಂದುದು ಆ ಚಿತ್ರದಿಂದಲೇ. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ತೆರೆಕಂಡಿತು, ತರುವಾಯ ಹಿಂದಿಯಲ್ಲಿ ಬಹು ಪ್ರಸಿದ್ಧಿಗೆ ಬಂದ ರೇಖಾ ಅವರು ಅದರ ನಾಯಿಕೆ. ಅನಂತರ ಒಂಬತ್ತು ವರ್ಷಗಳ ಬಿಡುವು. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಅದರಲ್ಲಿ ಜಿ. ಕೆ. ವೆಂಕಟೇಶ್ ಅವರ ಸಂಗೀತಕ್ಕೆ ರಾಜ್‌ಕುಮಾರ್ ಅವರು ತಾವೇ ಹಾಡಿದ ಇಂಗ್ಲಿಷ್ ಹಾಡು ಕೇಳದ ಕನ್ನಡಿಗರು ವಿರಳ. ಅಲ್ಲಿಗೆ ಮಾಲೆ ನಿಂತಿತು. ನಾಲ್ಕು ಚಿತ್ರಗಳಿಗೂ ನಾಯಕರು ಒಬ್ಬರೇ, ನಿರ್ದೇಶಕರೂ ಅದೇ ಜೋಡಿಯವರೇ. ದೊರೈರಾಜ್ ಅವರು 2000ದಲ್ಲಿಯೂ, ರಾಜ್‌ಕುಮಾರ್ ಅವರು 2006ರಲ್ಲಿಯೂ, ಭಗವಾನ್ ಅವರು 2023ರಲ್ಲಿಯೂ ಕಾಲವಾದರು. ಮುಂದಿನ ನಿರ್ದೇಶಕನಾರೆಂಬ ಪ್ರಶ್ನೆ ಆ ಮಾಲೆಯೊಳಗೆ ಒಮ್ಮೆಯೂ ಏಳಲಿಲ್ಲ.

ಇನ್ನು ಆಂಗ್ಲರ ಮಾಲೆಯ ಕಡೆಗೆ ನೋಡೋಣ. ಇಯಾನ್ ಫ್ಲೆಮಿಂಗ್ ಎಂಬ ಲೇಖಕರು 1953ರಲ್ಲಿ ಬಾಂಡ್ ಎಂಬ ಗೂಢಚಾರನ ಮೊದಲನೆಯ ಕಾದಂಬರಿಯನ್ನು ಪ್ರಕಟಿಸಿದರು. 1962ರಲ್ಲಿ ಬ್ರಾಕೊಲಿ ಮತ್ತು ಸಾಲ್ಟ್ಸ್‌ಮನ್ ಎಂಬ ಇಬ್ಬರು ನಿರ್ಮಾಪಕರು ‘ಡಾಕ್ಟರ್ ನೋ’ ಎಂಬ ಚಿತ್ರದಿಂದ ಮಾಲೆಯನ್ನು ಆರಂಭಿಸಿದರು. ಅಂದಿನಿಂದ 2021ರವರೆಗೆ ಆ ಸಂಸ್ಥೆಯಿಂದ ಬಂದ ಚಿತ್ರಗಳು 25. ನಿರ್ದೇಶಕರು 12 ಮಂದಿ. ನಾಯಕನ ವೇಷವನ್ನು ಧರಿಸಿದವರು ಆರು ಮಂದಿ. ಇಷ್ಟು ಕೈಗಳು ಬದಲಾದರೂ ವಸ್ತ್ರವು ಹರಿಯದೆ ಬಂದುದು ಹೇಗೆ? ಯೋಚಿಸಿ ನೋಡಿದರೆ, ಅವರು ನಿರ್ದೇಶಕರನ್ನು ಆರಿಸಿದ ಕ್ರಮದಲ್ಲಿ ಮೂರು ಬಗೆಗಳು ಕಂಡುಬರುವುವು.

ಮೊದಲನೆಯ ಬಗೆಯವರು ಅಡಿಪಾಯವನ್ನು ಹಾಕಿದವರು. ಮೊದಲನೆಯ ನಿರ್ದೇಶಕರಾದ ಟೆರೆನ್ಸ್ ಯಂಗ್ ಅವರು, ಆಗ ಅಷ್ಟೇನೂ ಹೆಸರಿಲ್ಲದ ನಟರಾಗಿದ್ದ ಶಾನ್ ಕಾನರಿಯವರನ್ನು ತಮ್ಮ ಸ್ವಂತ ದರ್ಜಿಯ ಬಳಿಗೆ ಕರೆದುಕೊಂಡು ಹೋಗಿ ಉಡುಪು ಹೊಲಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಗೂಢಚಾರನು ಹೇಗೆ ನಡೆಯಬೇಕು, ಹೇಗೆ ಉಡಬೇಕು ಎಂಬುದು ಅಲ್ಲಿಯೇ ಗೊತ್ತಾಯಿತು.

ಎರಡನೆಯ ಬಗೆಯವರು ಮನೆಯೊಳಗೇ ಬೆಳೆದವರು. ಪೀಟರ್ ಹಂಟ್ ಅವರು ಮೊದಲಿನ ಚಿತ್ರಗಳ ಸಂಕಲನಕಾರರು, ಎಂದರೆ ತೆಗೆದ ಚಿತ್ರದ ತುಂಡುಗಳನ್ನು ಕತ್ತರಿಸಿ ಜೋಡಿಸುವ ಕೆಲಸದವರು. ಅವರಿಗೆ 1969ರ ಚಿತ್ರದ ನಿರ್ದೇಶನವನ್ನು ವಹಿಸಲಾಯಿತು. ಆ ಚಿತ್ರಕ್ಕೆ ಸಂಕಲನ ಮಾಡಿದ ಜಾನ್ ಗ್ಲೆನ್ ಅವರು ಮುಂದೆ ತಾವೇ ನಿರ್ದೇಶಕರಾಗಿ 1981ರಿಂದ 1989ರವರೆಗೆ ಸಾಲಾಗಿ ಐದು ಚಿತ್ರಗಳನ್ನು ಮಾಡಿದರು. ನಮ್ಮ ಉದಯಪುರದ ಸರೋವರದ ಅರಮನೆಯನ್ನು ತೋರಿಸಿದ 1983ರ ಚಿತ್ರವು ಅವರದೇ. ಹೀಗೆ ಒಬ್ಬರ ಪಕ್ಕದಲ್ಲಿ ಕುಳಿತು ಕೆಲಸ ಕಲಿತವರು ಮರಳಿ ತಮ್ಮ ಸರದಿಯಲ್ಲಿ ಮುಂದೆ ಕುಳಿತರು. ಯಜಮಾನಿಕೆಯೂ ಹೀಗೆಯೇ ಇಳಿದು ಬಂದಿತು. ಹಿರಿಯ ಬ್ರಾಕೊಲಿಯವರು 1996ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚೆಯೇ, 1995ರ ಚಿತ್ರದಲ್ಲಿ, ಅವರ ಮಗಳೂ ಮಲಮಗನೂ ನಿರ್ಮಾಣದ ಭಾರವನ್ನು ಹೊತ್ತಾಗಿದ್ದಿತು.

ಮೂರನೆಯ ಬಗೆಯವರು ಹೊರಗಿನಿಂದ ಬಂದವರು. ನಾಟಕರಂಗದಿಂದ ಬಂದ ಸ್ಯಾಮ್ ಮೆಂಡಿಸ್ ಅವರ 2012ರ ಚಿತ್ರವು ನೂರು ಕೋಟಿ ಡಾಲರುಗಳನ್ನು ಮೀರಿ ಗಳಿಸಿತು. ಆದರೆ ಹೊರಗಿನವರೆಲ್ಲರೂ ಹೊಂದಿಕೊಂಡರೆಂದಲ್ಲ. ಡ್ಯಾನಿ ಬಾಯ್ಲ್ ಎಂಬ ಹೆಸರಾಂತ ನಿರ್ದೇಶಕರನ್ನು 2018ರಲ್ಲಿ ಆರಿಸಿದ್ದರೂ ಕಲ್ಪನೆಯ ಭಿನ್ನಾಭಿಪ್ರಾಯದಿಂದ ಅದೇ ವರ್ಷದ ಆಗಸ್ಟಿನಲ್ಲಿಯೇ ಅವರು ಬಿಟ್ಟುಹೋದರು. ಬೇರೊಬ್ಬರು ಮಾಡಿದ ಆ ಚಿತ್ರವು ಹೊರಬಂದುದು 2021ರಲ್ಲಿ. ಕೀರ್ತಿವಂತರೆಂಬ ಮಾತ್ರಕ್ಕೆ ಎಲ್ಲ ಮಗ್ಗಕ್ಕೂ ಒಗ್ಗುವರೆಂದು ಹೇಳಲಾಗದು.

2025ರ ಫೆಬ್ರವರಿಯಲ್ಲಿ ಆ ಮನೆತನದವರು ಮಾಲೆಯ ಕಲಾನಿರ್ಧಾರದ ಅಧಿಕಾರವನ್ನು ಅಮೆಜಾನ್ ಎಂಜಿಎಂ ಸಂಸ್ಥೆಗೆ ಬಿಟ್ಟುಕೊಟ್ಟರು. ಜೂನ್ ತಿಂಗಳಲ್ಲಿ ಕೆನಡಾ ದೇಶದ ಡೆನಿ ವಿಲ್‌ನೆವ್ ಅವರು ಮುಂದಿನ ನಿರ್ದೇಶಕರೆಂದು ಪ್ರಕಟವಾಯಿತು. ಹುಡುಗಿ ಹೇಳಿದ ಸುದ್ದಿ ಇದೇ. ‘ಡ್ಯೂನ್’ ಎಂಬ ಭಾರಿ ಚಿತ್ರಗಳಿಂದ ಅವರಿಗೆ ಕೀರ್ತಿ ಬಂದಿರುವುದು ನಿಜ. ಆದರೆ ನಮಗೆ ಅದಕ್ಕಿಂತಲೂ ಮುಖ್ಯವಾಗಿ ತೋರುವುದು ಅವರ 2017ರ ಕೆಲಸ. ರಿಡ್ಲಿ ಸ್ಕಾಟ್ ಎಂಬುವರು 1982ರಲ್ಲಿ ಮಾಡಿದ ‘ಬ್ಲೇಡ್ ರನ್ನರ್’ ಚಿತ್ರದ ಕಥೆಯನ್ನು ಮೂವತ್ತೈದು ವರ್ಷಗಳ ತರುವಾಯ ಮುಂದುವರಿಸಿದವರು ಅವರು. ಅನ್ಯರ ಹಾಸಿಗೆ ತಮ್ಮ ಎಳೆಯನ್ನು ಸೇರಿಸಿ ನೋಡಿದ ಅನುಭವ ಅವರಿಗುಂಟು. ಆರಿಸಿದವರು ಇದನ್ನು ಎಣಿಸಿದರೋ ಇಲ್ಲವೋ, ನಾವು ಆರಿಸುವವರಾಗಿದ್ದರೆ ಮೊದಲು ಎಣಿಸುತ್ತಿದ್ದುದು ಇದನ್ನೇ.

ಇಷ್ಟನ್ನೂ ನಾವು ಹುಡುಗಿಗೆ ವಿವರಿಸುತ್ತಿದ್ದಾಗ, ಅದುವರೆಗೆ ಸುಮ್ಮನಿದ್ದ ವೃದ್ಧರು ಎದ್ದು ನಮ್ಮನ್ನು ಮಗ್ಗದ ಬಳಿಗೆ ಕರೆದರು. ಹಣಿಗೆಯಂತಿರುವ ಅಚ್ಚಿನಿಂದ ಒಂದಿಷ್ಟು ಹಳೆಯ ಎಳೆಗಳು ಜೋತು ಬಿದ್ದಿದ್ದುವು.

“ನೋಡಿ ಸ್ವಾಮಿ, ಹಾಸು ಮುಗಿಯಿತೆಂದು ನಾವು ಬುಡದವರೆಗೂ ಕತ್ತರಿಸುವುದಿಲ್ಲ. ಅಚ್ಚಿನೊಳಗೆ ಇಷ್ಟನ್ನು ಉಳಿಸಿಕೊಳ್ಳುತ್ತೇವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಇದಕ್ಕೆ ಕೆಚ್ಚಿದರೆ, ಹಳೆಯದೇ ಹೊಸದರ ಕೈಹಿಡಿದು ಒಳಕ್ಕೆ ಕರೆದುಕೊಂಡು ಬರುತ್ತದೆ. ಇದನ್ನೂ ಕಿತ್ತೆಸೆದರೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಪೋಣಿಸಬೇಕು. ಕೆಚ್ಚಿದ ಮೇಲೆ ಬಣ್ಣ ಬೇರೆಯಾದರೂ ಚಿಂತೆಯಿಲ್ಲ. ಎಳೆ ಎಳೆಗೆ ಸರಿಯಾಗಿ ಕೂಡಿರಬೇಕು.”

ನಮಗೆ ಬೇಕಾಗಿದ್ದ ಉತ್ತರ ಇದೇ ಎಂದು ಆಗ ತಿಳಿಯಿತು. ಕನ್ನಡದಲ್ಲಿ ಜೇಡನೆಂದರೆ ಬಲೆ ನೇಯುವ ಹುಳುವೂ ಹೌದು, ಬಟ್ಟೆ ನೇಯುವ ನೇಕಾರನೂ ಹೌದು. ವಚನಕಾರನಾದ ಜೇಡರ ದಾಸಿಮಯ್ಯನು ನೇಕಾರನಷ್ಟೆ. ಹುಳುವು ತನ್ನ ಬಲೆಯನ್ನು ತನ್ನ ಒಡಲಿನಿಂದಲೇ ತೆಗೆದು ತಾನೇ ನೇಯುವುದು. ಅದು ಹೋದರೆ ಆ ಬಲೆಯನ್ನು ಮುಂದುವರಿಸುವವರಿಲ್ಲ. ನೇಕಾರನಾದರೋ ಬೇರೊಬ್ಬನು ಬಂದು ಕುಳಿತುಕೊಳ್ಳುವಂತೆ ಮಗ್ಗವನ್ನು ಬಿಟ್ಟು ಏಳಬಲ್ಲನು. ನಮ್ಮ ಸಿ.ಐ.ಡಿ. 999 ಮೊದಲನೆಯ ಬಗೆಯ ಬಲೆಯಾಯಿತು. ಒಬ್ಬ ನಾಯಕರ ತೇಜಸ್ಸಿನಿಂದಲೂ ಒಂದು ಜೋಡಿಯ ಕೈಚಳಕದಿಂದಲೂ ಹೊರಟು, ಅವರೊಡನೆಯೇ ಮುಗಿಯಿತು. ಇದನ್ನು ದೋಷವೆಂದು ನಾವು ಹೇಳಲಾರೆವು. ಅದೇ ದೊರೈ–ಭಗವಾನ್ ಅವರು 1971ರಲ್ಲಿ ‘ಕಸ್ತೂರಿ ನಿವಾಸ’ವನ್ನೂ 1974ರಲ್ಲಿ ‘ಎರಡು ಕನಸು’ ಚಿತ್ರವನ್ನೂ ಕೊಟ್ಟು, ಕನ್ನಡದ ಮನೆಮನೆಗಳ ಕಣ್ಣನ್ನು ತೇವಗೊಳಿಸಿದವರು. ಪಿಸ್ತೂಲಿನ ಸದ್ದಿಗಿಂತ ಮನುಷ್ಯನ ಮನಸ್ಸನ್ನು ಹೆಚ್ಚಾಗಿ ಬಲ್ಲವರಾದುದರಿಂದಲೇ ಅವರ ಗೂಢಚಾರನನ್ನೂ ಜನ ತಮ್ಮ ಮನೆಯ ಮಗನಂತೆ ಕಂಡರು.

ಹಾಗಾದರೆ ಆ ಮಾಲೆಯನ್ನು ಯಾರಾದರೂ ಮತ್ತೆ ತೊಡಗಬಹುದೆ? ತೊಡಗಬಹುದು, ಆದರೆ ಪ್ರಯಾಸವು ಹೆಚ್ಚು. ಅಚ್ಚಿನಲ್ಲಿ ಹಳೆಯ ಎಳೆ ಉಳಿದಿಲ್ಲ. ಆ ಚಿತ್ರಗಳ ಸಂಕಲನದ ಮೇಜಿನ ಬಳಿ, ಛಾಯಾಗ್ರಹಣದ ಯಂತ್ರದ ಪಕ್ಕದಲ್ಲಿ ನಿಂತು ಕಲಿತು, ಮುಂದಿನ ಕಂತಿಗೆ ಸಿದ್ಧನಾಗಿ ಕಾದಿದ್ದವನೊಬ್ಬನನ್ನು ಆ ಮಾಲೆ ತನಗಾಗಿ ಬೆಳೆಸಿಕೊಳ್ಳಲಿಲ್ಲ. ಈಗ ಬರುವವನು ನಾಲ್ಕು ಚಿತ್ರಗಳನ್ನೂ ಮುಂದಿಟ್ಟುಕೊಂಡು ಒಂದೊಂದು ಎಳೆಯನ್ನೂ ತಾನೇ ಪೋಣಿಸಬೇಕಾಗುವುದು. ಅಂಥವನನ್ನು ಆರಿಸುವ ನಿರ್ಮಾಪಕರು ಮೂರು ಪ್ರಶ್ನೆಗಳನ್ನು ಕೇಳಲಿ. ಪ್ರಕಾಶನ ಯಾವ ಗುಣವನ್ನು ಕತ್ತರಿಸಕೂಡದೆಂಬುದನ್ನು ಇವನು ಬಲ್ಲನೆ? ಆ ಗುಣವನ್ನು ಉಳಿಸಿಕೊಂಡೂ ತನ್ನದೆಂದು ಹೇಳಿಕೊಳ್ಳುವ ಹೊಸ ಬಣ್ಣವೊಂದು ಇವನ ಬಳಿ ಉಂಟೆ? ತನ್ನ ತರುವಾಯ ಬರುವವನಿಗೆ ತನ್ನ ಪಕ್ಕದಲ್ಲಿ ಒಂದು ಮಣೆ ಹಾಕುವನೆ? ಮೂರಕ್ಕೂ ಹೌದೆಂಬ ಉತ್ತರ ಬಾರದಿದ್ದರೆ, ಹಳೆಯ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೊಮ್ಮೆ ತೆಗೆದು ನೋಡುವುದೇ ಮೇಲು. ಕೆಟ್ಟ ಗಂಟಿನಿಂದ ಹಳೆಯದರ ಅಂದವೂ ಕೆಡುವುದು.

ಈ ಮೂರು ಪ್ರಶ್ನೆಗಳಲ್ಲಿ ಕೊನೆಯದು ನಮ್ಮ ಮನೆಗಳಿಗೂ ಸೇರಿದುದು. ಅತ್ತೆಯು ಸೊಸೆಯನ್ನು ಒಲೆಯ ಬಳಿ ಕರೆದು ಹಬ್ಬದ ಅಡಿಗೆಯ ಹದವನ್ನು ತೋರಿಸದೆ, “ನನ್ನ ಹಾಗೆ ಮಾಡುವವರು ಯಾರೂ ಇಲ್ಲ” ಎಂದು ಬೀಗುವುದುಂಟು. ಹಾಗೆ ಬೀಗಿದ ಕೈಯ ರುಚಿ ಆ ಕೈಯೊಡನೆಯೇ ಹೋಗುವುದು. ಮುಂದಿನವರನ್ನು ಆರಿಸುವ ಕೆಲಸವು ಹಿರಿಯರು ಕಣ್ಮರೆಯಾದ ಮೇಲೆ ಆರಂಭವಾದರೆ, ಆಗಲೇ ತಡವಾಯಿತೆಂದು ತಿಳಿಯಬೇಕು.

ನಾವು ಹೊರಡುವ ಹೊತ್ತಿಗೆ ಹುಡುಗಿ ಅಚ್ಚಿನ ಮುಂದೆ ಕುಳಿತು, ಒಂದು ಹಳೆಯ ಎಳೆಯನ್ನೂ ಒಂದು ಹೊಸ ಎಳೆಯನ್ನೂ ಬೆರಳುಗಳ ನಡುವೆ ಹಿಡಿದು ಹೊಸೆಯುತ್ತಿದ್ದಳು. ಎಳೆ ಎರಡು ಸಾರಿ ಜಾರಿತು. ವೃದ್ಧರು ಬೈಯಲಿಲ್ಲ, ತಮ್ಮ ಬೆರಳಿಗೆ ಹಚ್ಚಿಕೊಂಡಿದ್ದ ಬೂದಿಯನ್ನು ಅವಳ ಬೆರಳಿಗೂ ಒಂದಿಷ್ಟು ಸವರಿದರು. ಮೂರನೆಯ ಸಾರಿ ಕೂಡಿಕೊಂಡಿತು. ಅವಳು ಓದಿ ಯಾವ ಉದ್ಯೋಗಕ್ಕೆ ಹೋಗುವಳೋ ನಾವು ಹೇಳಲಾರೆವು, ಆ ಮಗ್ಗವನ್ನು ನಡೆಸುವಳೆಂದೂ ಮಾತು ಕೊಡಲಾರೆವು. ಆದರೆ ಅಲ್ಲಿ ಕೆಚ್ಚುವುದನ್ನು ಬಲ್ಲವರು ಈಗ ಒಬ್ಬರಲ್ಲ, ಇಬ್ಬರು. ನಮ್ಮ ವಾಚಕರ ಮನೆಗಳಲ್ಲಿ ಎಷ್ಟು ಮಂದಿಯೋ, ಈ ತಿಂಗಳು ಒಮ್ಮೆ ಎಣಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ.