ಸಸಿಯೊಡನೆ ನೀರಿನ ಲೆಕ್ಕವನ್ನೂ ಕೊಡಿ

ಬಯಲುಸೀಮೆಯ ಊರುಗಳಲ್ಲಿಯೂ ಮನೆಯ ಮುಂದೆ ನಾಲ್ಕು ಗಿಡ ಬೆಳೆಸುವ ಹಂಬಲ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಆದರೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಾಣುವ ಗಜೇಂದ್ರಗಡ ಸೀಮೆಯಲ್ಲಿ, ರಾಜೂರಿನಂತಹ ಊರಿನಲ್ಲಿ, ಯಾವ ಗಿಡ ನೆಡಬೇಕೆಂಬುದು ಅಭಿರುಚಿಯ ಪ್ರಶ್ನೆಯಷ್ಟೇ ಅಲ್ಲ. ಅದು ನೀರಿನ ಪ್ರಶ್ನೆಯೂ ಹೌದು. ಇದರ ಉತ್ತರ ಬಹುಮಟ್ಟಿಗೆ ತೀರ್ಮಾನವಾಗುವುದು ಅಂಗಳದಲ್ಲಲ್ಲ, ಸಸಿ ಮಾರುವ ನರ್ಸರಿಯಲ್ಲಿ.

ಒಂದು ಸರಳ ಲೆಕ್ಕವನ್ನು ನೋಡೋಣ. ಬಿರುಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿ.ಮೀ. ನೀರು ಬೇಕೆಂದರೆ, ಕೇವಲ 100 ಚದರ ಅಡಿ ಹಾಸು ಸುಮಾರು 46 ಲೀಟರ್ ಕುಡಿಯುತ್ತದೆ. ಜಲಜೀವನ್ ಮಿಷನ್ ಗ್ರಾಮೀಣರಿಗೆ ನಿಗದಿಪಡಿಸಿರುವ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. ಅಂದರೆ ಕೋಣೆಯಷ್ಟಗಲದ ಹಸಿರು, ಮನೆಗೆ ಇನ್ನೊಬ್ಬ ಸದಸ್ಯ ಬಂದಂತೆಯೇ ಸರಿ.

ಈ ಲೆಕ್ಕವನ್ನು ಮರೆತರೆ ಏನಾಗುತ್ತದೆಂಬುದನ್ನು ರಾಜಧಾನಿಯೇ ತೋರಿಸಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಆದೇಶಿಸಿ, 5,000 ರೂಪಾಯಿ ದಂಡ ವಿಧಿಸಬೇಕಾಯಿತು. ದಂಡ ಬರುವುದು ನೀರು ತೀರಿದ ಮೇಲೆ. ತಿಳಿವಳಿಕೆಯನ್ನು ಸಸಿ ಕೊಳ್ಳುವಾಗಲೇ ಕೊಡಬಹುದು. ಅಮೆರಿಕದ ಡೆನ್ವರ್ ನಗರದ ಜಲಸಂಸ್ಥೆ 1981ರಲ್ಲಿಯೇ ಅಲ್ಪಜಲದ ತೋಟಗಾರಿಕೆಗೆ ‘ಝೆರಿಸ್ಕೇಪ್’ ಎಂಬ ಹೆಸರಿಟ್ಟು ಜನರಿಗೆ ಕಲಿಸತೊಡಗಿತ್ತು.

ನಮ್ಮ ನರ್ಸರಿಗಳು ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಮೊದಲನೆಯದಾಗಿ, ಸಸಿಗಳನ್ನು ನೀರಿನ ಅಗತ್ಯದ ಮೇರೆಗೆ ವಿಂಗಡಿಸಿ ಇಡಲಿ. ಬೇರೂರಿದ ಮೇಲೆ ಅಲ್ಪ ನೀರಿನಲ್ಲಿ ಬಾಳುವ ಕಣಗಿಲೆ, ಕಾಗದದ ಹೂ, ನುಗ್ಗೆ, ದಾಳಿಂಬೆ, ಲೋಳೆಸರಗಳು ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿನಲ್ಲಿರಲಿ. ಎರಡನೆಯದಾಗಿ, ನಿಮ್ಮದು ಎರೆಯೋ ಮಸಾರಿಯೋ ಎಂದು ಕೇಳಿಯೇ ಸಸಿ ಕೊಡಲಿ. ಎರೆಭೂಮಿ ಬೇಸಿಗೆಯಲ್ಲಿ ಬಿರುಕುಬಿಟ್ಟು ತೇವ ಕಳೆದುಕೊಳ್ಳುತ್ತದೆ. ಮಸಾರಿಯಲ್ಲಿ ನೀರು ಬೇಗ ಇಂಗಿಹೋಗುತ್ತದೆ. ಎರಡಕ್ಕೂ ಒಣ ಎಲೆ, ಹೊಟ್ಟು, ಕಬ್ಬಿನ ರವದಿಯ ಹೊದಿಕೆ ಒಳ್ಳೆಯದು. ಮೂರನೆಯದಾಗಿ, ಗಿಡದ ಬುಡದಲ್ಲಿ ಹೂಳುವ ಮಣ್ಣಿನ ಗಡಿಗೆಗಳನ್ನು ಸಸಿಯ ಪಕ್ಕದಲ್ಲಿಯೇ ಮಾರಲಿ. ಗಡಿಗೆಯ ಸಣ್ಣ ರಂಧ್ರಗಳಿಂದ ಒಸರುವ ನೀರು ಬೇರಿಗೇ ತಲುಪುತ್ತದೆ, ಬಿಸಿಲಿಗೆ ಆರಿಹೋಗುವುದಿಲ್ಲ. ಕುಂಬಾರನಿಗೂ ಕೆಲಸ ದೊರೆಯುತ್ತದೆ.

ಬಚ್ಚಲ ನೀರನ್ನು ಹಿತ್ತಲಿನ ಬಾಳೆಗೆ ಹರಿಸಿದ ನಮ್ಮ ಹಿರಿಯರಿಗೆ ಇದು ಹೊಸ ಪಾಠವಲ್ಲ. ಅಂಗಳಕ್ಕೆ ಕಾಂಕ್ರೀಟು ಬಂದು, ಬಚ್ಚಲು ಚರಂಡಿಗೆ ಸೇರಿದ ಮೇಲೆ ಆ ಪಾಠ ಮರೆತುಹೋಯಿತು, ಅಷ್ಟೆ.

ಗಿರಾಕಿಗಳು ಕೇಳಿದ್ದನ್ನು ತಾನೇ ನಾವು ಮಾರಬೇಕು ಎಂದು ನರ್ಸರಿಯವರು ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ, ಅವರದೂ ಹೊಟ್ಟೆಪಾಡು. ಆದರೆ ಏಪ್ರಿಲ್‌ನಲ್ಲಿ ಒಣಗಿದ ಸಸಿಯನ್ನು ಕಂಡವನು ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುವುದು ಅಪರೂಪ. ಬದುಕಿದ ಗಿಡವೇ ನರ್ಸರಿಗೆ ಜಾಹೀರಾತು.

ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳ ಸಸ್ಯಪಾಲನಾ ಕೇಂದ್ರಗಳು ಇದಕ್ಕೆ ನಾಂದಿ ಹಾಡಬೇಕು. ಮುಂಗಾರಿಗೆ ಮುನ್ನ ಸಸಿ ವಿತರಿಸುವಾಗ ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟಲಿ: ಯಾವ ಮಣ್ಣು, ವಾರಕ್ಕೆ ಎಷ್ಟು ಕೊಡ ನೀರು, ಎಷ್ಟು ಕಾಲದವರೆಗೆ. ನಾವೂ ನರ್ಸರಿಗೆ ಹೋದಾಗ ಬೆಲೆಗಿಂತ ಮೊದಲು ಈ ಮೂರನ್ನೇ ಕೇಳೋಣ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಹೇಳಲೇಬೇಕಾಗುತ್ತದೆ.