ಸ್ಟ್ರೈಕ್ ಎಂದರೆ ಹೊಡೆತವಲ್ಲ

ಗಿರಣಿ ಗೇಟಿನಲ್ಲಿ, ಪೇಟೆ ಬೀದಿಯಲ್ಲಿ, ಇಂಗ್ಲಿಷಿನ ಒಂದಕ್ಷರ ಬಾರದವನೂ ಸಲೀಸಾಗಿ ಆಡುವ ಇಂಗ್ಲಿಷ್ ಮಾತೊಂದಿದೆ: ಸ್ಟ್ರೈಕ್. ಈ ಮಾತು ಕಿವಿಗೆ ಬಿದ್ದರೆ ಸಾಕು, ಮಾಲೀಕರಿಗೂ ಅವರ ವಕಾಲತ್ತು ವಹಿಸುವ ಮಹಾಶಯರಿಗೂ ಮೈಯೆಲ್ಲ ಉರಿ. “ಸ್ಟ್ರೈಕ್ ಎಂದರೆ ಹೊಡೆಯುವುದೆಂದು ನಿಘಂಟೇ ಹೇಳುತ್ತದೆ, ಹೊಡೆಯಲು ಬಂದವರ ಜೊತೆ ಮಾತೇನು?” ಎನ್ನುವುದು ಅವರ ಪಾಂಡಿತ್ಯ.

ಸರಿ, ನಿಘಂಟನ್ನೇ ಬಿಚ್ಚೋಣ. ಗಡಿಯಾರ ಗಂಟೆ ಬಾರಿಸಿದರೂ ಸ್ಟ್ರೈಕ್. ಬೆಂಕಿಕಡ್ಡಿ ಗೀರಿದರೂ ಸ್ಟ್ರೈಕ್. ವ್ಯಾಪಾರ ಕುದುರಿಸಿದರೂ ಸ್ಟ್ರೈಕ್. ಹಡಗಿನ ಹಾಯಿ ಇಳಿಸುವುದಕ್ಕೂ ಅದೇ ಮಾತು. 1768ರಲ್ಲಿ ಲಂಡನ್ನಿನ ನಾವಿಕರು ಕೂಲಿ ಹೆಚ್ಚಿಸಿರೆಂದು ಕೇಳಿ ಹಡಗುಗಳ ಹಾಯಿ ಇಳಿಸಿದರು. ಕೆಲಸ ನಿಲ್ಲಿಸುವುದೆಂಬ ಅರ್ಥ ಈ ಮಾತಿಗೆ ಬಂದದ್ದು ಅಲ್ಲಿಂದ ಎನ್ನುತ್ತಾರೆ ಭಾಷೆ ಬಲ್ಲವರು. ಹಡಗು ಧನಿಯದು, ಸರಕು ಧನಿಯದು. ಆದರೆ ಹಗ್ಗ ಎಳೆಯುವ ಕೈ ಯಾರದು? ಆ ಕೈ ಸುಮ್ಮನಾದರೆ ಹಡಗು ನಿಂತಲ್ಲೇ ನಿಲ್ಲುತ್ತದೆ. ಸ್ಟ್ರೈಕಿನ ತಿರುಳು ಇಷ್ಟೇ.

ಹಾಗಾದರೆ ಹೊಡೆಯುವವರು ಯಾರು? 1974ರ ಮೇ 8ರಂದು ರೈಲ್ವೆ ಕಾರ್ಮಿಕರು ಬೋನಸ್ಸಿಗಾಗಿ, ಎಂಟು ಗಂಟೆಯ ದುಡಿಮೆಗಾಗಿ ದೇಶದುದ್ದಕ್ಕೂ ಕೆಲಸ ನಿಲ್ಲಿಸಿದರು. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಸಮಾಜವಾದಿ ಜಾರ್ಜ್ ಫರ್ನಾಂಡಿಸ್. ಮುಷ್ಕರ ಶುರುವಾಗುವ ಮುಂಚೆಯೇ, ಮೇ 2ರಂದೇ, ಸರಕಾರ ಅವರನ್ನು ಹಿಡಿದು ಒಳಗೆ ಹಾಕಿತು. ಸಾವಿರಾರು ಕಾರ್ಮಿಕರನ್ನು ಜೈಲಿಗೆ ತಳ್ಳಿತು. ಅವರ ಹೆಂಡಿರು ಮಕ್ಕಳನ್ನು ಕ್ವಾರ್ಟರ್ಸಿನಿಂದ ಹೊರದಬ್ಬಿತು. ಇದಕ್ಕೆ ನಿಘಂಟಿನಲ್ಲಿ ಯಾವ ಮಾತಿದೆಯೋ ಆ ಪಂಡಿತರೇ ಹೇಳಲಿ.

ಈಗಿನ ಪೆಟ್ಟು ಕಾನೂನಿನ ರೂಪದಲ್ಲಿ ಬಂದಿದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಹಿಂದೆ ಸಾರ್ವಜನಿಕ ಸೇವೆಗಳಿಗಷ್ಟೇ ಇದ್ದ ಮುಷ್ಕರ ನೋಟೀಸಿನ ಕಟ್ಟು ಇನ್ನು ಎಲ್ಲ ಕೈಗಾರಿಕೆಗಳಿಗೂ ಅನ್ವಯ. 14 ದಿನ ಮೊದಲೇ ಕೊಡಬೇಕು. ಸಂಧಾನ ನಡೆದಿರುವಾಗ ಮುಷ್ಕರ ಕೂಡದು. ಅರ್ಧದಷ್ಟು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಸಿ.ಎಲ್. ಹಾಕಿದರೆ ಅದೂ ಮುಷ್ಕರವೇ! ಬೀಗಮುದ್ರೆಗೂ ನೋಟೀಸು ಬೇಕು, ನ್ಯಾಯ ಸಮಾನ ಎನ್ನುತ್ತಾರೆ. ಆದರೆ ಕಾರ್ಖಾನೆಯನ್ನೇ ಮುಚ್ಚಲು ಸರಕಾರದ ಅಪ್ಪಣೆ ಕೇಳಬೇಕಾದ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದವರು ಯಾರು? ಕೈ ಕಟ್ಟಿ ನಿಂತರೆ ಕಾರ್ಮಿಕ ಅಪರಾಧಿ. ಬಾಗಿಲು ಮುಚ್ಚಿ ನೂರಾರು ಒಲೆ ಆರಿಸಿದ ಧನಿ ಉದ್ಯಮಿ. ಇದು ಯಾವ ಸೀಮೆಯ ಸಮಾನತೆ?

ಅಂಗಡಿಕಾರ ಬಂಧುಗಳೇ, ಮುಷ್ಕರವಾದರೆ ವ್ಯಾಪಾರ ಕೆಡುತ್ತದೆಂದು ನೀವು ಗೊಣಗುವುದನ್ನು ನಾವು ಬಲ್ಲೆವು. ತೆರಿಗೆಯ ಕಾಟ ತಾಳಲಾರದೆ ನೀವು ಬಾಗಿಲು ಹಾಕಿ ಮಾಡುವ ಹರತಾಳ ಮತ್ತೇನು? ನಿಮ್ಮ ಉದ್ರಿ ಪುಸ್ತಕ ತೆರೆದು ನೋಡಿ. ಕಾರ್ಮಿಕನ ಸಂಬಳ ಏರಿದರೆ ಆ ಬಾಕಿ ತೀರುತ್ತದೆ. ಗಿರಣಿಗೆ ಬೀಗ ಬಿದ್ದರೆ ಆ ಬಾಕಿ ನಿಮ್ಮ ತಲೆಯ ಮೇಲೇ.

ಗಿರಣಿಯ ಗೆಳೆಯರೇ, ಹಾಯಿಯ ಹಗ್ಗ ಇಂದಿಗೂ ನಿಮ್ಮ ಕೈಯಲ್ಲೇ ಇದೆ. ಒಬ್ಬ ಬಿಟ್ಟರೆ ಅವನ ಕೆಲಸ ಹೋಗುತ್ತದೆ. ಎಲ್ಲರೂ ಬಿಟ್ಟರೆ ಹಡಗು ನಿಲ್ಲುತ್ತದೆ. ಸಂಘ ಕಟ್ಟಿರಿ.