ಲಿಂಕ್ ಹೆಕ್ಕುವುದು ಸುಲಭ, ಹಣೆಪಟ್ಟಿ ಹಚ್ಚುವುದು?

ಅಂತರ್ಜಾಲದ ಒಂದು ಪುಟದಲ್ಲಿರುವ ಲಿಂಕುಗಳನ್ನೆಲ್ಲ ಹೆಕ್ಕಲು ಪೈಥಾನಿನಲ್ಲಿ ಹತ್ತು ಸಾಲಿನ ಕೋಡ್ ಸಾಕು. ಪ್ರತಿ ಲಿಂಕಿನ ವಿಳಾಸ 'ಎಚ್‌ರೆಫ್' ಎಂಬ ಗುರುತಿನ ಮುಂದೆ ಇರುತ್ತದೆ. ಕೋಡ್ ಅದನ್ನು ಹುಡುಕಿ ಪಟ್ಟಿ ಮಾಡುತ್ತದೆ, ಅಷ್ಟೆ. ಅಲ್ಲಿಯವರೆಗೆ ಜಗಳವಿಲ್ಲ. ಜಗಳ ಶುರುವಾಗುವುದು ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ 'ಇವರು ಎಡ, ಇವರು ಬಲ, ಇವರು ಲಿಬರಲ್' ಅಂತ ಬರೆಯುವಾಗ.

ಲಿಬರಲ್ ಅಂದರೆ ಯಾರು ಮಾರಾಯ್ರೆ? ಅಮೆರಿಕದಲ್ಲಿ ಈ ಮಾತು ಎಡಕ್ಕೆ ವಾಲಿದವರಿಗೆ. ಆಸ್ಟ್ರೇಲಿಯಾದಲ್ಲಿ 1944ರಲ್ಲಿ ರಾಬರ್ಟ್ ಮೆಂಜೀಸ್ ಮುಂದಾಳತ್ವದಲ್ಲಿ ಹುಟ್ಟಿದ ಲಿಬರಲ್ ಪಕ್ಷ ಬಲಪಂಥದ ಕಡೆಯದ್ದು. ಎಡ, ಬಲ ಎಂಬುದಾದರೂ ಏನು? 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ಅರಸನ ಪರದವರು ಅಧ್ಯಕ್ಷರ ಬಲಕ್ಕೆ, ವಿರೋಧಿಗಳು ಎಡಕ್ಕೆ ಕೂತರು. ಕೂತ ಜಾಗದ ಹೆಸರು ಅದು!

ಇನ್ನೊಂದು ವಿಷಯ. ಲಿಂಕ್ ಕೊಟ್ಟ ಮಾತ್ರಕ್ಕೆ ಒಪ್ಪಿದ ಹಾಗಲ್ಲ, ಬೈಯಲಿಕ್ಕೂ ಲಿಂಕ್ ಕೊಡ್ತಾರೆ. ಕೋಡಿಗೆ ಎರಡೂ ಒಂದೇ. ಲಿಂಕಿನ ಲೆಕ್ಕ ಹಿಡಿದು ಒಬ್ಬನಿಗೆ ಅಂಟಿಸಿದ ಪಟ್ಟಿ ವಾಟ್ಸಪ್ಪಿನಲ್ಲಿ ಹರಿದಾಡಿದ ಮೇಲೆ ಕಿತ್ತು ತೆಗೆಯಲು ಆಗುವುದಿಲ್ಲ. ಕೋಡ್ ಕಲಿಯುವ ನಮ್ಮ ಮಕ್ಕಳು ಆ ಕಾಲಂ ತುಂಬುವ ಮೊದಲು ನಾಲ್ಕು ಲಿಂಕನ್ನಾದರೂ ತೆರೆದು ಓದಲಿ. ಹೆಸರು ಹಚ್ಚಿದ್ದು ಯಾರು, ಯಾವ ದೇಶದ ಅರ್ಥದಲ್ಲಿ ಅಂತ ಪಕ್ಕದಲ್ಲೇ ಬರೆದಿಡಲಿ.